ಕುಶಾಲಪ್ಪ ತೋಡಿದ ನೀರು

ಮಗುವಿಗೆ ವಯಸ್ಸೆಷ್ಟು ಎಂದು ಡಾಕ್ಟರು ಕೇಳಿದರು. ಪೂವಮ್ಮ ಹೇಳಿದಳು. ಅವರು ಮಗುವಿನ ಕೈಕಾಲು ನೋಡಿ, ಹೊಟ್ಟೆ ಒತ್ತಿ, ಕೆಂಚಗಾಗಿದ್ದ ಕೂದಲನ್ನು ಬೆರಳಲ್ಲಿ ಎತ್ತಿ ನೋಡಿ, ತಾವು ಕೇಳಿಸಿಕೊಂಡದ್ದು ತಪ್ಪಿರಬಹುದೋ ಏನೋ ಎಂಬಂತೆ ಕುಶಾಲಪ್ಪನ ಕಡೆ ತಿರುಗಿ ಅದನ್ನೇ ಕೇಳಿದರು.

"ಬರುವ ದೀಪಾವಳಿಗೆ ನಾಲ್ಕು ತುಂಬುತ್ತದೆ," ಎಂದ ಕುಶಾಲಪ್ಪ.

ಲೋಲಾಕ್ಷಿ ತಾಯಿಯ ಸೊಂಟದ ಮೇಲೆ ಕೂತಿದ್ದಳು. ಎರಡು ವರ್ಷದ ಮಗು ಎಂದಿದ್ದರೆ ಯಾರೂ ನಂಬದೆ ಇರುತ್ತಿರಲಿಲ್ಲ. ಕಣ್ಣು ಮಾತ್ರ ದೊಡ್ಡವರದ್ದು. ಅಲ್ಲಿದ್ದ ಗಾಜಿನ ಬಾಟಲಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಅದು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯ ಕೊನೆ. ವಿಟ್ಲದ ಪೇಟೆಯಲ್ಲಿ ಡಾಕ್ಟರ್ ಕೇಶವಪ್ರಸಾದರು ಕ್ಲಿನಿಕ್ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಅವರ ಕೈಗುಣ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ಪೂವಮ್ಮ ಗಂಡನ ಬೆನ್ನುಬಿದ್ದು ಕರೆತಂದಿದ್ದಳು.

"ಆಗಾಗ ಭೇದಿ ಆಗ್ತದಾ?"

"ಆಗ್ತಾ ಇರ್ತದೆ. ನಿಂತಿತು ಅಂತ ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರು," ಎಂದಳು ಪೂವಮ್ಮ. "ತಿನ್ನುವುದಿಲ್ಲ ಅಂತ ಇಲ್ಲ ಡಾಕ್ಟ್ರೇ. ತಿಂದದ್ದು ಮೈಗೆ ಹತ್ತುವುದಿಲ್ಲ."

"ಹತ್ತಲಿಕ್ಕೆ ಕರುಳು ಸರಿ ಇರಬೇಕಲ್ಲ. ಹೊಲಸಿನಲ್ಲಿರುವ ರೋಗಾಣು ಹೊಟ್ಟೆಗೆ ಹೋಗ್ತಾ ಉಂಟು. ಒಂದು ಸಲದ್ದು ವಾಸಿ ಆಗುವ ಮೊದಲೇ ಇನ್ನೊಂದು. ಕರುಳಿನ ಒಳಮೈ ಸವೆದು ಹೋದ ಮೇಲೆ ನೀವು ಎಷ್ಟು ಉಣಿಸಿದರೂ ಅದು ಬೆಳವಣಿಗೆಗೆ ಉಳಿಯುವುದಿಲ್ಲ." ಡಾಕ್ಟರು ಕೈ ತೊಳೆಯುತ್ತ ಕೇಳಿದರು, "ಕುಡಿಯುವ ನೀರು ಯಾವುದು?"

ಕುಶಾಲಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಆ ಪ್ರಶ್ನೆಗೆ ಉತ್ತರ ಹೇಳುವುದೆಂದರೆ ಅವನಿಗೆ ಯಾವಾಗಲೂ ಖುಷಿ. "ಸುರಂಗದ ನೀರು. ನಾನೇ ತೋಡಿದ್ದು. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವ ಹಾಗೆ ತಂಪು ಉಂಟು. ಬೇರೆ ಮನೆಯವರೂ ಬಂದು ಕೊಂಡುಹೋಗ್ತಾರೆ."

"ಸುರಂಗದ ಮೇಲ್ಗಡೆ ಎಂತ ಉಂಟು?"

"ಗುಡ್ಡ. ನಮ್ಮ ದನದ ಹಟ್ಟಿ, ಗೊಬ್ಬರದ ಗುಂಡಿ. ಮತ್ತೆ ಗೇರುಮರಗಳು."

"ಮನೆಯವರು ಹೊರಗೆ ಹೋಗುವುದು ಎಲ್ಲಿಗೆ?"

ಕುಶಾಲಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೆಂಡತಿಯ ಎದುರು ಕೇಳುವ ಮಾತೇ ಇದು ಎಂದುಕೊಂಡ. ಪೂವಮ್ಮನೇ ತಲೆ ತಗ್ಗಿಸಿ ಹೇಳಿದಳು, "ಗೇರುಗುಡ್ಡೆಗೇ."

"ಇವತ್ತಿನಿಂದ ನೀರು ಚೆನ್ನಾಗಿ ಕುದಿಸಿ ಆರಿಸಿ ಕೊಡಿ. ಔಷಧ ನಾನು ಕೊಡ್ತೇನೆ, ಆದರೆ ನೀರು ಸರಿಯಾಗದೆ ಔಷಧದಿಂದ ಏನೂ ಆಗ್ಲಿಕ್ಕಿಲ್ಲ."

ಹಿಂದಿರುಗಿ ಬಸ್ಸಿಳಿದು ಗುಡ್ಡ ಹತ್ತುವಾಗ ಕುಶಾಲಪ್ಪ ಒಮ್ಮೆ ನಿಂತು, "ಪೇಟೆಯಲ್ಲಿ ಹುಟ್ಟಿದವನಿಗೆ ಸುರಂಗ ಅಂದರೆ ಎಂತ ಗೊತ್ತುಂಟು," ಎಂದ.

ಬಂಟ್ವಾಳ ತಾಲೂಕಿನ ಆ ಅಂಚಿನ ಗುಡ್ಡಗಳಲ್ಲಿ ಬಾವಿ ತೋಡಿದರೆ ಮುರಕಲ್ಲೆಂಬ ಕೆಂಪು ಕಲ್ಲೇ ಸಿಗುತ್ತದೆ, ನೀರು ಸಿಗುವುದಿಲ್ಲ. ಅದಕ್ಕೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಬಿಲ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸಿ ತರುತ್ತಾರೆ. ಆ ಕೆಲಸ ಎಲ್ಲರಿಗೂ ಒಗ್ಗುವಂಥದ್ದಲ್ಲ. ಕುಶಾಲಪ್ಪ ಅದನ್ನು ಸೋದರಮಾವನಿಂದ ಕಲಿತಿದ್ದ. ಹಾರೆ ತಾಗಿದ ಸದ್ದಿನಲ್ಲೇ ಮುಂದೆ ಕಲ್ಲೋ ಜೇಡಿಯೋ ಎಂದು ಹೇಳುತ್ತಿದ್ದ. ಮೇಣದ ಬತ್ತಿ ಸಣ್ಣಗಾಗತೊಡಗಿದರೆ ಗಾಳಿ ಕೆಟ್ಟಿತೆಂದು ಹಾರೆ ಬಿಟ್ಟು ಹೊರಬರುತ್ತಿದ್ದ. ಹಿಂದಿನಿಂದ ಬುಟ್ಟಿಯಲ್ಲಿ ಮಣ್ಣು ಎಳೆಯಲು ಅವನ ಜೊತೆಗಾರ ಮೂಸಾ. ಇಬ್ಬರದೂ ಒಂದೇ ಪ್ರಾಯ. ಒಂದು ಬೇಸಿಗೆಯಲ್ಲಿ ಕುಸಿದ ಮಣ್ಣಿನಡಿ ಸಿಕ್ಕಿಬಿದ್ದ ಕುಶಾಲಪ್ಪನನ್ನು ಮೂಸಾ ಕಾಲು ಹಿಡಿದು ಎಳೆದಿದ್ದ. ಅವರಿಬ್ಬರು ತೋಡಿದ ಸುರಂಗಗಳಲ್ಲಿ ನೀರು ಸಿಗದೆ ಹೋದದ್ದು ಅಪರೂಪ. 'ಸುರಂಗದ ಕುಶಾಲಪ್ಪ' ಎಂದರೆ ಸುತ್ತಲಿನ ಊರುಗಳಲ್ಲಿ ಗೊತ್ತಿಲ್ಲದವರಿಲ್ಲ.

ತನ್ನ ಮನೆಯ ಸುರಂಗವನ್ನು ಅವನು ಮದುವೆಯಾದ ವರ್ಷ ತೋಡಿದ. ಮೊದಲ ನೀರನ್ನು ದೈವಕ್ಕೆ ಇಟ್ಟು, ಎರಡನೆಯ ಕೊಡವನ್ನು ಪೂವಮ್ಮನ ತಲೆಯ ಮೇಲೆ ತಾನೇ ಎತ್ತಿ ಇಟ್ಟಿದ್ದ. ಅವಳ ತವರಿನಲ್ಲಿ ನೀರಿಗೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕಿತ್ತು. ಇಲ್ಲಿ ಅಂಗಳದ ಬದಿಯಲ್ಲೇ ನೀರು. ಹಟ್ಟಿಯನ್ನು ಆಮೇಲೆ ಕಟ್ಟಿದ್ದು. ಸುರಂಗದ ಮೇಲ್ಗಡೆ ಒಂದು ಸಪಾಟು ಜಾಗವಿತ್ತು, ಅನುಕೂಲವೆನ್ನಿಸಿತು, ಅಷ್ಟೆ.

ಮೊದಲನೆಯ ಮಗು ಗಂಡು. ನಡೆಯಲು ಕಲಿಯುವ ಮೊದಲೇ ಒಂದು ಆಟಿ ತಿಂಗಳ ಮಳೆಯಲ್ಲಿ ಭೇದಿಯಾಗಿ ಹೋಯಿತು. ಆಯುಸ್ಸು ಅಷ್ಟೇ ಇತ್ತೆಂದು ಎಲ್ಲರೂ ಹೇಳಿದರು, ಕುಶಾಲಪ್ಪನೂ ಹೇಳಿದ. ಆಮೇಲೆ ಲೋಲಾಕ್ಷಿ. ಇವಳು ಬದುಕಿದಳು, ಬೆಳೆಯಲಿಲ್ಲ. ದೃಷ್ಟಿ ತೆಗೆಸಿದರು, ನೂಲು ಕಟ್ಟಿಸಿದರು. ಕುಶಾಲಪ್ಪನ ತಾಯಿ ಗಿಡಮೂಲಿಕೆ ಅರೆದು ನೆಕ್ಕಿಸಿದಳು.

ವಿಟ್ಲದಿಂದ ಬಂದ ಮರುದಿನವೇ ಪೂವಮ್ಮ ಬೇರೆ ಪಾತ್ರೆಯಲ್ಲಿ ನೀರು ಕುದಿಸತೊಡಗಿದಳು. ಕುಶಾಲಪ್ಪ ನೋಡಿಯೂ ನೋಡದ ಹಾಗೆ ಇದ್ದ. ಆದರೆ ಒಂದು ದಿನ ಸುರಂಗ ತೋಡಿಸುವ ವಿಷಯ ಮಾತಾಡಲು ಜತ್ತಪ್ಪ ಗೌಡರು ಬಂದು ಜಗಲಿಯಲ್ಲಿ ಕೂತರು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಒಲೆಯ ಮೇಲಿನ ಪಾತ್ರೆ ನೋಡಿ ಅವರು ನಕ್ಕರು. "ಎಂತ ಕುಶಾಲಪ್ಪ, ನಿನ್ನ ನೀರನ್ನು ನಿನ್ನ ಮನೆಯಲ್ಲೇ ಬೇಯಿಸಿ ಕುಡಿಯುವುದಾ?"

ಅವರು ಹೋದ ಮೇಲೆ ಕುಶಾಲಪ್ಪ ಒಳಗೆ ಹೋಗಿ ಪಾತ್ರೆ ಎತ್ತಿ ಅಂಗಳಕ್ಕೆ ಚೆಲ್ಲಿದ. "ಇನ್ನು ಈ ಮನೆಯಲ್ಲಿ ಇದು ಬೇಡ," ಎಂದ. ಪೂವಮ್ಮ ಖಾಲಿ ಪಾತ್ರೆಯನ್ನು ತೊಳೆದು ಕವುಚಿ ಹಾಕಿದಳು. ಮಗು ಬಾಗಿಲಲ್ಲಿ ನಿಂತು ಅಂಗಳದ ಮಣ್ಣಿನಿಂದ ಹಬೆ ಏಳುವುದನ್ನು ನೋಡುತ್ತಿತ್ತು.

ಆ ವರ್ಷದ ಆಟಿಯಲ್ಲಿ ಮಳೆ ಒಂದೇ ಸಮನೆ ಹಿಡಿಯಿತು. ಸುರಂಗದ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದರೂ ಆಮೇಲೆ ತಿಳಿಯಾಗುತ್ತದೆಂದು ಅದನ್ನೇ ಬಳಸಿದರು. ಒಂದು ಬೆಳಿಗ್ಗೆ ಲೋಲಾಕ್ಷಿಗೆ ಭೇದಿ ಶುರುವಾಯಿತು. ಹೊತ್ತೇರುವಷ್ಟರಲ್ಲಿ ಅದರಲ್ಲಿ ರಕ್ತ ಕಾಣಿಸಿತು. ಮಗು ಮೊದಲು ಹೊಟ್ಟೆ ಹಿಡಿದುಕೊಂಡು ಅತ್ತಿತು, ಆಮೇಲೆ ನರಳಿತು, ಆಮೇಲೆ ಅದೂ ಇಲ್ಲ. ಕಣ್ಣು ಗುಳಿಬಿದ್ದಿತ್ತು. ಪೂವಮ್ಮ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಅದು ಮಡಿಕೆಯಾಗಿ ಹಾಗೇ ನಿಂತಿತು.

"ನೀರು ಕೊಡಬೇಡ," ಎಂದಳು ಕುಶಾಲಪ್ಪನ ತಾಯಿ. "ಕೊಟ್ಟಷ್ಟೂ ಕೆಳಗೆ ಹೋಗ್ತದೆ. ಹೊಟ್ಟೆ ಒಣಗಲಿ."

ಪೂವಮ್ಮ ಗಂಜಿತಿಳಿಗೆ ಉಪ್ಪು ಹಾಕಿ ಚಮಚದಲ್ಲಿ ಮಗುವಿನ ಬಾಯಿಗೆ ಬಿಡುತ್ತಿದ್ದಳು. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು, "ಮೊದಲಿನವನಿಗೂ ಕೊಡ್ಲಿಲ್ಲ, ಅತ್ತೆ."

ಕುಶಾಲಪ್ಪ ಮಳೆಗೆ ಗರಿಯ ಗೊರಬೆಯನ್ನು ತಲೆಗೆ ಹಾಕಿಕೊಂಡ. ಮಗುವನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಎದೆಗೆ ಕಟ್ಟಿಕೊಂಡ. "ನಡಿ, ಹೋಗುವ," ಎಂದ.

ಕೆಳಗೆ ತುಂಬಿ ಹರಿಯುವ ತೋಡಿನ ಬದಿಗೆ ಬರುವಾಗ ಮೂಸಾ ತನ್ನ ಮನೆಯಿಂದ ಕಂಡು ಓಡಿ ಬಂದ. ಎರಡು ಅಡಿಕೆ ಮರ ಹಾಸಿದ ಸಂಕದ ಮೇಲೆ ನೀರು ಹರಿಯುತ್ತಿತ್ತು. ಸಂಕ ಕಾಣುತ್ತಿರಲಿಲ್ಲ, ಹಿಡಿಯಲು ಕಟ್ಟಿದ್ದ ಬಿದಿರಿನ ಗಳ ಮಾತ್ರ ಕಾಣುತ್ತಿತ್ತು. ಮಣ್ಣಿನಡಿ ಉಸಿರು ಕಟ್ಟಿದಾಗಲೂ ಹೆದರದಿದ್ದ ಕುಶಾಲಪ್ಪ ಅಲ್ಲಿ ಹೆಜ್ಜೆ ಇಡದೆ ನಿಂತ.

"ನೀರು ನೋಡಬೇಡ ಮಾರಾಯ, ನನ್ನ ಬೆನ್ನು ನೋಡು," ಎಂದ ಮೂಸಾ ಮುಂದೆ ಕಾಲಿಡುತ್ತ. "ನಾನು ಇಟ್ಟಲ್ಲೇ ಇಡು."

ನಡುವೆ ಒಮ್ಮೆ ಮೂಸಾನ ಕಾಲು ಜಾರಿತು, ಗಳ ಬಾಗಿತು. ಹಿಂದಿನಿಂದ ಪೂವಮ್ಮ ಗಂಡನ ಬೆನ್ನಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಎದೆಯ ಮೇಲಿನ ಮಗು ಎಚ್ಚರವಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅದರ ಉಸಿರು ತನಗೆ ತಾಗುತ್ತಿದೆಯೇ ಎಂದು ಕುಶಾಲಪ್ಪ ನೋಡುತ್ತಲೇ ಇದ್ದ. ಒಮ್ಮೊಮ್ಮೆ ತಾಗುತ್ತಿರಲಿಲ್ಲ. ಆಗ ಅವನು ನಿಂತುಬಿಡುತ್ತಿದ್ದ, ತಾಗಿದ ಮೇಲೆ ಹೆಜ್ಜೆ ಎತ್ತುತ್ತಿದ್ದ. ದಾಟಿ, ಗದ್ದೆಯ ಹುಣಿಯ ಮೇಲೆ ಓಡಿ, ಮಾರ್ಗಕ್ಕೆ ಬಂದು, ಅಡಿಕೆ ಹೇರಿಕೊಂಡು ಹೋಗುತ್ತಿದ್ದ ಒಂದು ಜೀಪಿಗೆ ಮೂಸಾ ಅಡ್ಡ ನಿಂತ.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಸಲೈನ್ ಹಾಕಲು ಕೈಯಲ್ಲಿ, ಕಾಲಲ್ಲಿ, ನೆತ್ತಿಯಲ್ಲಿ ಹುಡುಕಿದರು. ನರ ಸಿಗಲಿಲ್ಲ. "ಮಂಗಳೂರಿನವರೆಗೆ ತಡೆಯುವುದಿಲ್ಲ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಕುದಿಸಿ ಆರಿಸಿದ ನೀರಿಗೆ ಅಳೆದು ಸಕ್ಕರೆ, ಉಪ್ಪು ಬೆರೆಸಿ ಲೋಟವನ್ನು ಕುಶಾಲಪ್ಪನ ಕೈಗೆ ಕೊಟ್ಟರು. "ಸಣ್ಣ ಚಮಚದಲ್ಲಿ, ಸ್ವಲ್ಪ ಸ್ವಲ್ಪ. ವಾಂತಿ ಮಾಡಿದರೆ ಸ್ವಲ್ಪ ತಡೆದು ಮತ್ತೆ ಕೊಡಿ. ನಿಲ್ಲಿಸಬೇಡಿ. ಮೂತ್ರ ಹೋದರೆ ನನ್ನನ್ನು ಕರೆಯಿರಿ."

ಕುಶಾಲಪ್ಪ ಬೆಂಚಿನ ಮೇಲೆ ಮಗುವನ್ನು ತೊಡೆಯಲ್ಲಿಟ್ಟು ಕೂತ. ಒಂದು ಚಮಚ ತುಟಿಯ ಬದಿಯಿಂದ ಇಳಿದು ಹೋಯಿತು. ಇನ್ನೊಂದು ಒಳಗೆ ಹೋಯಿತು. ಒಳಗೆ ಹೋದದ್ದು ಸ್ವಲ್ಪ ಹೊತ್ತಿಗೆ ಹೊರಗೆ ಬಂತು. ಅವನು ಹೆಂಡತಿಯ ಮುಖ ನೋಡಿದ. ಅವಳು, "ಕೊಡಿ," ಎಂದಳು. ಕೊಟ್ಟ. ಹಾರೆ ಹಿಡಿದು ಗಂಟುಕಟ್ಟಿದ ಬೆರಳುಗಳಲ್ಲಿ ಚಮಚ ನಿಲ್ಲುತ್ತಿರಲಿಲ್ಲ. ಪೂವಮ್ಮ ತಾನು ಕೊಡುತ್ತೇನೆಂದರೆ ಬಿಡಲಿಲ್ಲ. ಬೇರೆ ರೋಗಿಗಳು ಬಂದರು, ಹೋದರು. ಡಾಕ್ಟರು ಎರಡು ಸಲ ಬಂದು ನಾಡಿ ನೋಡಿ ಹೋದರು.

ಬೆಳಕು ಕಡಿಮೆಯಾಗುವ ಹೊತ್ತಿಗೆ ಕುಶಾಲಪ್ಪನ ತೊಡೆಯ ಮೇಲೆ ಬಿಸಿಯಾಯಿತು. ಪಂಚೆ ಒದ್ದೆಯಾಯಿತು. ಮತ್ತೆ ಭೇದಿಯೇ ಎಂದು ಹೆದರಿ ನೋಡಿದ, ಅಲ್ಲ, ಮೂತ್ರ. ಅವನು ಅಲುಗಲಿಲ್ಲ. "ಡಾಕ್ಟ್ರನ್ನು ಕರಿ," ಎಂದ ಪೂವಮ್ಮನಿಗೆ.

ಮಗುವನ್ನು ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಕರೆದುಕೊಂಡು ಹೋಗುವ ದಿನ ಕುಶಾಲಪ್ಪ ಹೊರಡದೆ ಮೇಜಿನ ಎದುರು ನಿಂತ.

"ನೀರಿನಿಂದಲೇ ಅಂತ ನಿಮಗೆ ಖಂಡಿತ ಉಂಟಾ?"

ಡಾಕ್ಟರು ಬಯ್ಯಲಿಲ್ಲ. "ನಿಮ್ಮ ಸುರಂಗ ನಾನು ನೋಡಿಲ್ಲ. ಈ ರೋಗ ಬರುವುದು ಹೊಲಸು ಬಾಯಿಗೆ ಹೋಗಿ. ಅದು ನೀರಿನಿಂದ ಇರಬಹುದು, ಕೈಯಿಂದ ಇರಬಹುದು. ಮೇಲಿನದ್ದು ಕೆಳಗೆ ಇಳಿಯುತ್ತದೋ ಇಲ್ಲವೋ, ಗುಡ್ಡದ ವಿಷಯ ನಿಮಗೇ ಹೆಚ್ಚು ಗೊತ್ತು. ನೋಡಿ."

ಪೇಟೆಯಿಂದ ಹೊರಡುವ ಮೊದಲು ಕುಶಾಲಪ್ಪ ಅಂಗಡಿಯಿಂದ ಫಿನಾಯಿಲ್ ಬಾಟಲಿಗಳನ್ನು ಕೊಂಡ. ಮನೆಗೆ ಮುಟ್ಟಿದವನೇ, ತಾನು ಹೇಳುವವರೆಗೆ ಸುರಂಗದ ನೀರನ್ನು ಯಾರೂ ಮುಟ್ಟಬಾರದೆಂದ. ಅಡಿಗೆಗೂ ಕುಡಿಯಲಿಕ್ಕೂ ತೋಡಿನ ತಗ್ಗಿನಲ್ಲಿದ್ದ ಮೂಸಾನ ಮನೆಯ ಕಲ್ಲು ಕಟ್ಟಿದ ಬಾವಿಯಿಂದ ತರಿಸಿದ. ಮೂಸಾನ ಹೆಂಡತಿ ಝೈನಬ್ ಯಾಕೆಂದು ಕೇಳದೆ ಕೊಡ ತುಂಬಿಸಿ ಕೊಟ್ಟಳು. ಆಮೇಲೆ ಅವನು ಗೊಬ್ಬರದ ಗುಂಡಿಗೆ ಫಿನಾಯಿಲ್ ಅಷ್ಟನ್ನೂ ಸುರಿದ. ಅದರ ಮೇಲೆ ಕೊಡಗಟ್ಟಲೆ ನೀರು ಹೊಯ್ದ. ಮಳೆಯೂ ಹೊಯ್ಯುತ್ತಿತ್ತು.

ಮೇಣದ ಬತ್ತಿ ಹಚ್ಚಿಕೊಂಡು ಸುರಂಗದೊಳಗೆ ಹೋಗಿ ಕೂತ. ಅವನ ಕೈಯ ಹಾರೆಯ ಗೆರೆಗಳು ಗೋಡೆಯ ಮೇಲೆ ಹಾಗೇ ಇದ್ದವು. ಮುರಕಲ್ಲಿನ ತುಂಬ ಜೇನುಗೂಡಿನಂತೆ ತೂತುಗಳು. ಇವುಗಳಿಂದ ನೀರು ಬರುತ್ತದೆಂದು ಅವನೇ ಎಷ್ಟೋ ಜನರಿಗೆ ಬೆರಳಿಟ್ಟು ತೋರಿಸಿದ್ದ. ನೀರು ಎಲ್ಲಿಂದ ಹೊರಟು ಬರುತ್ತದೆಂದು ಯೋಚಿಸಿರಲಿಲ್ಲ. ಅಂಗೈಯಲ್ಲಿ ಹಿಡಿದು ಮೂಸಿದ. ಮಣ್ಣಿನ ವಾಸನೆ. ಕಾದ. ಮತ್ತೆ ಮೂಸಿದ. ಮಣ್ಣಿನದ್ದೇ. ಅವನಿಗೆ ಎದೆ ಹಗುರಾಯಿತು. ಡಾಕ್ಟರ ಎದುರು ಹೋಗಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ.

ಮರುದಿನ ಬೆಳಿಗ್ಗೆ ಮತ್ತೆ ಹೋದ. ಬಾಗಿ ಒಳಗೆ ತಲೆ ಹಾಕುತ್ತಲೇ ಗೊತ್ತಾಯಿತು. ಮೂಸುವ ಅಗತ್ಯವೇ ಇರಲಿಲ್ಲ. ಎಡಗಡೆಯ ಒಂದು ಬಿರುಕಿನಿಂದ ಸಣ್ಣ ಎಳೆಯಾಗಿ ಇಳಿಯುತ್ತಿದ್ದ ನೀರಿಗೆ ಆಸ್ಪತ್ರೆಯ ನೆಲದ ವಾಸನೆ. ಆ ಬಿರುಕನ್ನು ಅವನು ಚೆನ್ನಾಗಿ ಬಲ್ಲ. ತೋಡುವಾಗ ಮೊದಲು ನೀರು ಚಿಮ್ಮಿದ್ದು ಅಲ್ಲಿಂದಲೇ. ಅವತ್ತು ಮೂಸಾನನ್ನು ಕೂಗಿ ಕರೆದಿದ್ದ, ಇಬ್ಬರೂ ಮುಖಕ್ಕೆ ಹಾಕಿಕೊಂಡು ನಕ್ಕಿದ್ದರು.

ಅವನು ಹೊರಗೆ ಬಂದಾಗ ಪೂವಮ್ಮ ಅಂಗಳದಲ್ಲಿ ನಿಂತಿದ್ದಳು.

"ಮೇಲಿನದ್ದು ಕೆಳಗೆ ಬರ್ತದೆ," ಎಂದ. "ಮೊದಲಿನವನಿಗೂ ಇದನ್ನೇ ಕುಡಿಸಿದ್ದು."

ಪೂವಮ್ಮ ಅಳುತ್ತಾಳೆಂದು, ಇಲ್ಲವೇ ತನ್ನನ್ನು ಬಯ್ಯುತ್ತಾಳೆಂದು ಅವನು ಕಾದ. ಅವಳು ಒಳಗೆ ಹೋಗಿ ಕವುಚಿ ಹಾಕಿದ್ದ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

ಮಳೆ ಬಿಡುವುದನ್ನು ಕಾಯದೆ ಕುಶಾಲಪ್ಪ ಹಟ್ಟಿಯನ್ನು ಕಿತ್ತು ಮನೆಯಿಂದ ಕೆಳಗೆ ಕಟ್ಟಿದ. ಗೊಬ್ಬರದ ಗುಂಡಿಯನ್ನು ಬಾಚಿ ಬರಿದು ಮಾಡಿದ. ಸುರಂಗಕ್ಕೂ ತೋಡಿಗೂ ದೂರದಲ್ಲಿ ಪಾಯಿಖಾನೆಗೆ ಹೊಂಡ ತೋಡಿ, ತೆಂಗಿನ ಮಡಲಿನ ಗೋಡೆ ನಿಲ್ಲಿಸಿ, ಇನ್ನು ಯಾರೂ ಗೇರುಗುಡ್ಡೆಗೆ ಹೋಗಬಾರದೆಂದ. ಅವನ ತಾಯಿ ಮೊದಮೊದಲು ಒಪ್ಪಲಿಲ್ಲ. ಮನೆಯ ಹತ್ತಿರ ಹೊಲಸು ಕಟ್ಟಿಕೊಳ್ಳುವುದೇ ಎಂದು ಗೊಣಗಿದಳು. ಊಟಕ್ಕೆ ಮೊದಲು ಮಗುವಿನ ಕೈ ಉಜ್ಜುವುದನ್ನು ಮಾತ್ರ ತನ್ನ ಕೆಲಸವೆಂದೇ ವಹಿಸಿಕೊಂಡಳು.

ತನ್ನ ಮನೆಯದ್ದು ಹೀಗೆ ಮುಗಿಯಿತು. ಆದರೆ ಕುಶಾಲಪ್ಪನಿಗೆ ಸಮಾಧಾನವಾಗಲಿಲ್ಲ. ತಾನು ತೋಡಿದ ಬೇರೆ ಸುರಂಗಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾವುದರ ನೆತ್ತಿಯ ಮೇಲೆ ಏನಿದೆಯೆಂದು ನೆನಪು ಮಾಡಿಕೊಂಡ. ಆ ಮನೆಗಳ ಮಕ್ಕಳನ್ನೂ ನೆನಪು ಮಾಡಿಕೊಂಡ. ಜತ್ತಪ್ಪ ಗೌಡರ ಹಳೆಯ ಸುರಂಗದ ಮೇಲೆ ದೊಡ್ಡ ಹಟ್ಟಿಯಿತ್ತು. ಅವರ ಮೊಮ್ಮಗನೂ ಸಪೂರ, ಸಣ್ಣ, ಯಾವಾಗಲೂ ಹೊಟ್ಟೆನೋವೆಂದು ಮುದುಡಿ ಕೂತಿರುತ್ತಿದ್ದ.

"ಹೋಗಬೇಡ," ಎಂದ ಮೂಸಾ. "ನಿನ್ನ ಮನೆಯದ್ದು ನೀನು ನೋಡಿಕೊಂಡೆ. ಅವರಿಗೆ ಹೇಳಿದರೆ ನಮ್ಮ ಕೆಲಸಕ್ಕೇ ಕಲ್ಲು ಬೀಳ್ತದೆ. ನನಗೂ ಮನೆ ಉಂಟು."

"ತೋಡಿದವನು ನಾನು. ನಾನಲ್ಲದೆ ಯಾರು ಹೇಳುವುದು?"

ಹೋದ. ಜತ್ತಪ್ಪ ಗೌಡರು ಎಲೆ ಅಡಿಕೆ ಹಾಕುತ್ತ ಪೂರ್ತಿ ಕೇಳಿದರು. ಕೇಳಿದ ಮೇಲೆ ಉಗುಳಿ ಬಂದು ಕೂತರು.

"ನಿನ್ನ ಮಗಳು ಬೆಳೆಯದಿದ್ದರೆ ನನ್ನ ನೀರು ಎಂತ ಮಾಡ್ತದೆ? ನನ್ನ ಅಪ್ಪ ಇದೇ ಗುಡ್ಡದ ನೀರು ಕುಡಿದು ತೊಂಬತ್ತು ವರ್ಷ ಬದುಕಿದರು."

"ದೊಡ್ಡವರ ಹೊಟ್ಟೆ ತಡೆಯುತ್ತದೆ ಗೌಡ್ರೇ. ಮಕ್ಕಳದ್ದು ತಡೆಯುವುದಿಲ್ಲ. ಹಟ್ಟಿ ಒಂದು ಕೆಳಗೆ ಮಾಡಿ. ಆಗುವವರೆಗೆ ನೀರು ಕುದಿಸಿ ಕೊಡಿ."

"ತೋಡುವಾಗ ಹೇಳಿದ್ಯಾ ಇದನ್ನು?"

"ಇಲ್ಲ. ಗೊತ್ತಿರಲಿಲ್ಲ."

"ಗೊತ್ತಿಲ್ಲದವನು ಹಾರೆ ಯಾಕೆ ಹಿಡಿಯುವುದು?" ಗೌಡರು ಎದ್ದು ಒಳಗೆ ಹೋದರು. ಆಸರಿಗೆ ಕುಡಿಯಲು ಬೇಕೇ ಎಂದು ಆ ಮನೆಯಲ್ಲಿ ಅವತ್ತು ಯಾರೂ ಕೇಳಲಿಲ್ಲ.

ಮೂಸಾ ಹೇಳಿದ ಹಾಗೇ ಆಯಿತು. ಮುಂದಿನ ಬೇಸಿಗೆಯಲ್ಲಿ ಸುರಂಗಕ್ಕೆ ಕರೆಯಲು ಬಂದವರು ಬಹಳ ಕಡಿಮೆ. ಕುಶಾಲಪ್ಪ ತನ್ನ ನೀರಿನಲ್ಲೇ ದೋಷ ಉಂಟೆಂದು ತಾನೇ ಹೇಳುತ್ತಾನಂತೆ ಎಂದು ಮದುವೆಮನೆಗಳಲ್ಲಿ ಮಾತಾಯಿತು. ಬಂದ ಒಬ್ಬಿಬ್ಬರೊಡನೆಯೂ ಅವನು ಮೊದಲು ಗುಡ್ಡ ಹತ್ತಿ ಮೇಲೆಲ್ಲ ತಿರುಗಿ ಬಂದು, ಇಲ್ಲಿ ಹಟ್ಟಿ ಇರಬಾರದು, ಅಲ್ಲಿ ಯಾರೂ ಕೂರಬಾರದು, ಒಪ್ಪಿದರೆ ತೋಡುತ್ತೇನೆ ಎನ್ನುತ್ತಿದ್ದ. ಕೆಲವರು ಒಪ್ಪಿದರು. ಕೆಲವರು ಬೇರೆಯವರನ್ನು ಕರೆದರು. ಮೂಸಾ ಒಂದಿಡೀ ಬೇಸಿಗೆ ಮುನಿಸಿಕೊಂಡು ಮೂಡುಬಿದಿರೆಯ ಕಡೆ ಕಲ್ಲು ಕಡಿಯುವ ಕೆಲಸಕ್ಕೆ ಹೋದ. ಮಳೆ ಬಂದಾಗ ಹಿಂದೆ ಬಂದ. ಏನೂ ಆಗದವನ ಹಾಗೆ ಜಗಲಿಯಲ್ಲಿ ಕೂತು ಬೀಡಿ ಹಚ್ಚಿದ.

ಆ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ಜತ್ತಪ್ಪ ಗೌಡರ ಸೊಸೆ ಹುಲ್ಲಿಗೆ ಬಂದವಳಂತೆ ಕತ್ತಿ ಹಿಡಿದುಕೊಂಡು ಹಿತ್ತಿಲಿಂದ ಬಂದಳು. ಕುಶಾಲಪ್ಪ ಒಳಗೆ ಮಲಗಿದ್ದವನು ಮಾತು ಕೇಳಿಸಿಕೊಂಡ.

"ಪೂವಮ್ಮಕ್ಕ, ಆ ಸಕ್ಕರೆ ಉಪ್ಪಿನ ನೀರು ಹೇಗೆ ಮಾಡುವುದು? ಮಾವನಿಗೆ ಗೊತ್ತಾಗಬಾರದು."

ಪೂವಮ್ಮ ತೋರಿಸಿಕೊಟ್ಟಳು. ಸೊಸೆಯ ಮಗ ಆ ಸಲ ಪಾರಾದ. ಗೌಡರು ಹಟ್ಟಿಯನ್ನು ಮಾತ್ರ ಕದಲಿಸಲಿಲ್ಲ. ಸೊಸೆ ಬೇರೆ ಪಾತ್ರೆಯಲ್ಲಿ ನೀರು ಕುದಿಸುತ್ತಾಳೆಂದೂ, ಮಾವ ಕೇಳಿದರೆ ಮಗುವಿಗೆ ಶೀತ ಎನ್ನುತ್ತಾಳೆಂದೂ ಆಮೇಲೆ ತಿಳಿಯಿತು.

ಲೋಲಾಕ್ಷಿಗೆ ಭೇದಿ ಕಡಿಮೆಯಾಯಿತು. ಮೈ ಸ್ವಲ್ಪ ತುಂಬಿತು, ಕೂದಲು ಕಪ್ಪಾಯಿತು. ಆದರೆ ಎತ್ತರ ಬರಬೇಕಾದ ವರ್ಷಗಳು ಕಳೆದುಹೋಗಿದ್ದವು. ಡಾಕ್ಟರು ಅದನ್ನು ಮುಚ್ಚಿಡಲಿಲ್ಲ. "ಇನ್ನು ಬೆಳೀತಾಳೆ, ಆದರೆ ಓರಗೆಯವರನ್ನು ಹಿಡಿಯುವುದು ಕಷ್ಟ," ಎಂದಿದ್ದರು. ಶಾಲೆಯ ಸಾಲಿನಲ್ಲಿ ಅವಳು ಪ್ರತಿವರ್ಷ ಮೊದಲನೆಯವಳು. ಆಮೇಲೆ ಹುಟ್ಟಿದ ತಮ್ಮ ಕಮಲಾಕ್ಷ ಕುದಿಸಿದ ನೀರಿನಲ್ಲೇ ಬೆಳೆದ. ಶಾಲೆಗೆ ಸೇರಿ ಸ್ವಲ್ಪ ಕಾಲಕ್ಕೇ ಅಕ್ಕನ ಭುಜಕ್ಕೆ ಬಂದ. ಅವರಿಬ್ಬರನ್ನು ಒಟ್ಟಿಗೆ ನೋಡಿದಾಗಲೆಲ್ಲ ಕುಶಾಲಪ್ಪ ಏನಾದರೂ ಕೆಲಸ ನೆನಪಾದವನಂತೆ ಎದ್ದು ಹೋಗುತ್ತಿದ್ದ.

ಎಂಬತ್ತೆಂಟರ ಬೇಸಿಗೆಯಲ್ಲಿ ಸುರಂಗದೊಳಗೆ ಹೂಳು ತುಂಬಿತು. ಕುಶಾಲಪ್ಪನಿಗೆ ಮಂಡಿ ನೋವು, ಬಾಗಲು ಆಗುತ್ತಿರಲಿಲ್ಲ. ಲೋಲಾಕ್ಷಿ ಬುಟ್ಟಿ ತೆಗೆದುಕೊಂಡು, "ನಾನು ಹೋಗ್ತೇನೆ ಅಪ್ಪ," ಎಂದಳು. ಹನ್ನೆರಡು ದಾಟಿದ ಹುಡುಗಿ. ದೊಡ್ಡವರೆಲ್ಲ ಕುತ್ತಿಗೆ ಮುರಿದುಕೊಂಡು ಹೋಗುವ ಬಾಯಿಯಲ್ಲಿ ಅವಳು ತಲೆ ಬಗ್ಗಿಸದೆ ನೆಟ್ಟಗೆ ನಡೆದು ಒಳಗೆ ಹೋದಳು. ಕುಶಾಲಪ್ಪ ಮುಖ ತಿರುಗಿಸಿದ.

"ನಿಮಗೆ ಅವಳ ಎತ್ತರದ್ದೇ ಚಿಂತೆ," ಎಂದಳು ಪಕ್ಕದಲ್ಲಿದ್ದ ಪೂವಮ್ಮ. "ಅವಳಿಗೆ ಅದರ ಲಕ್ಷ್ಯವೇ ಇಲ್ಲ. ಮೊನ್ನೆ ಲೆಕ್ಕದಲ್ಲಿ ಕ್ಲಾಸಿಗೇ ಮೊದಲು ಬಂದಿದ್ದಾಳೆ."

"ಗೊತ್ತುಂಟು," ಎಂದ ಅವನು.

ಒಳಗಿನಿಂದ ಮಗಳು ಹೂಳಿನ ಬುಟ್ಟಿಯನ್ನು ಹಗ್ಗಕ್ಕೆ ಕಟ್ಟಿ, ಎಳೆಯಿರಿ ಎಂದು ಕೂಗಿದಳು. ಮೂಸಾ ಗೇರುಮರದ ನೆರಳಿನಿಂದ ಎದ್ದು ಬಂದ. ಇಬ್ಬರೂ ಹಗ್ಗ ಹಿಡಿದು ಎಳೆಯತೊಡಗಿದರು.